ಎರಡು ಕೀಲಿಕೈಯ ಬಾಗಿಲು

ಸುಣ್ಣ ಸುಡುವ ಆ ಊರಿನಲ್ಲಿ ಮಕ್ಕಳು ಬಾಗಿಲ ಹಿಂದಿನಿಂದ ಬರುತ್ತಿದ್ದರು.

ಪ್ರತಿ ಮನೆಯಲ್ಲೂ ಅಡುಗೆಮನೆಯ ಪಕ್ಕಕ್ಕೆ ಒಂದು ಚಿಕ್ಕ ಕೋಣೆ. ಅದಕ್ಕೆ ಕಿಟಕಿಯಿಲ್ಲ, ಬೆಳಕಿಂಡಿಯಿಲ್ಲ; ಇರುವುದು ಒಂದೇ ಬಾಗಿಲು, ಬಾಗಿಲಿಗೆ ಎರಡು ಕಂಡಿ. ಎಡಗಡೆಯದು ಹೆಂಡತಿಯ ಕೀಲಿಕೈಗೆ, ಬಲಗಡೆಯದು ಗಂಡನ ಕೀಲಿಕೈಗೆ. ಹುಣ್ಣಿಮೆ ಕಳೆದ ಬೆಳಗ್ಗೆ ಇಬ್ಬರೂ ತಲೆಗೆ ನೀರು ಹಾಕಿಕೊಂಡು ಬಂದು ಒಟ್ಟಿಗೆ ಕೀಲಿಕೈ ತಿರುಗಿಸಬೇಕು. ತೆರೆದರೆ ಒಳಗಿನ ತೊಟ್ಟಿಲಲ್ಲಿ ಒಂದು ಕೂಸು ಕೈಕಾಲು ಬಡಿಯುತ್ತಿರುತ್ತದೆ. ತೆರೆಯದಿದ್ದರೆ ಇಬ್ಬರೂ ಗಂಜಿ ಕುಡಿದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದರಲ್ಲಿ ವಿಚಿತ್ರವೇನೂ ಇಲ್ಲ ಎಂದು ಆ ಊರಿನವರು ಹೇಳುತ್ತಾರೆ. ನಮ್ಮ ಊರುಗಳಲ್ಲಿ ಮಕ್ಕಳು ಬರುವ ಬಗೆಯನ್ನು ಕೇಳಿದರೆ ಮೂಗಿನ ಮೇಲೆ ಬೆರಳಿಡುವವರು ಅವರೇ.

ವಿಚಿತ್ರವಿದ್ದದ್ದು ಕೀಲಿಕೈಗಳ ವಿಷಯದಲ್ಲಿ. ಹೆಣ್ಣಿನ ಕೀಲಿಕೈ ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ತೂಗಾಡಬೇಕು. ಬಾವಿಕಟ್ಟೆಯಲ್ಲಿ ನೀರು ಸೇದುವಾಗ ಪಕ್ಕದ ಮನೆಯವಳು ಅದನ್ನು ಎತ್ತಿ ನೋಡಬಹುದು, ತಿರುಗಿಸಿ ನೋಡಬಹುದು, "ಹೊಳಪು ಸಾಲದು" ಎನ್ನಬಹುದು. ಗಂಡಿನ ಕೀಲಿಕೈ ಮಾತ್ರ ತೊಗಲಿನ ಚೀಲದಲ್ಲಿ. ಮದುವೆಯ ದಿನ ತಾಯಿಯೇ ಅದನ್ನು ಮಗನ ಉಡಿದಾರಕ್ಕೆ ಬಿಗಿದು ಕಟ್ಟುತ್ತಾಳೆ. ಆಮೇಲೆ ಅದನ್ನು ಯಾರೂ ನೋಡಕೂಡದು, ಇಟ್ಟುಕೊಂಡವನೂ ನೋಡಕೂಡದು. ಬಾಗಿಲ ಮುಂದೆ ನಿಂತಾಗ ಇಬ್ಬರೂ ಕಣ್ಣು ಮುಚ್ಚಬೇಕು. ಅವನು ತಡಕಾಡಿ ಚೀಲದಿಂದ ತೆಗೆದು, ತಡಕಾಡಿ ಕಂಡಿಗೆ ತೂರಿಸಿ, ತಡಕಾಡಿಯೇ ಮತ್ತೆ ಚೀಲಕ್ಕೆ ಹಾಕಿಕೊಳ್ಳಬೇಕು. "ಹೆಣ್ಣಿನ ಕೀಲಿಕೈ ಊರಿನದು, ಗಂಡಿನ ಕೀಲಿಕೈ ದೇವರದು" ಎಂದು ಅಲ್ಲಿಯ ಗಾದೆ. ದೇವರನ್ನು ಈ ಬಗ್ಗೆ ಯಾರೂ ಕೇಳಿದಂತಿಲ್ಲ.

ಹೀಗಾಗಿ ಬಾಗಿಲು ತೆರೆಯದಿದ್ದರೆ ದೋಷ ಎಲ್ಲಿದೆಯೆಂದು ಹುಡುಕುವ ಶ್ರಮವೇ ಇರಲಿಲ್ಲ. ಕಣ್ಣಿಗೆ ಕಾಣುತ್ತಿದ್ದ ಕೀಲಿಕೈ ಒಂದೇ.

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೊದಲ ಸೋಮವಾರ, ಅರದಯ್ಯ ಬೇವಿನಕಟ್ಟೆಯ ಮೇಲೆ ಕೂರುತ್ತಿದ್ದ. ಕೈಯಲ್ಲಿ ಅಜ್ಜನ ಕಾಲದ ಕಬ್ಬಿಣದ ಅರ. ಬಾಗಿಲು ತೆರೆಯದ ಮನೆಗಳ ಹೆಂಗಸರು ಸಾಲಾಗಿ ಬಂದು ಕೀಲಿಕೈ ಚಾಚುತ್ತಿದ್ದರು. ಅವನು ಅದರ ಹಲ್ಲುಗಳ ಮೇಲೆ ಮೂರು ಸಲ ಅರ ಎಳೆದು, "ಸವೆದಷ್ಟೂ ಸಲೀಸು, ಸವೆದಷ್ಟೂ ಸಲೀಸು" ಎನ್ನುತ್ತಿದ್ದ. ಸಾಲಿನಲ್ಲಿದ್ದವರೆಲ್ಲ "ಸವೆದಷ್ಟೂ ಸಲೀಸು" ಎಂದು ದನಿಗೂಡಿಸುತ್ತಿದ್ದರು. ಒಬ್ಬಳಿಗೆ ಏಳು ಅರ. ಏಳನೆಯದರ ಮೇಲೂ ಮುಂದಿನ ಹುಣ್ಣಿಮೆಗೆ ಬಾಗಿಲು ತೆರೆಯದಿದ್ದರೆ ಕಟ್ಟೆಯ ಕಲ್ಲಿನ ಮೇಲೆ ಅವಳ ಕೀಲಿಕೈಯನ್ನಿಟ್ಟು ಎರಡು ತುಂಡು ಮಾಡುವುದು. ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಹಿಂದಿನ ಕೇರಿಗೆ ಹೋಗುವುದು. ಆ ಮನೆಗೆ ಹೊಸ ಕೀಲಿಕೈ ಹಿಡಿದು ಹೊಸ ಹೆಣ್ಣು ಬರುವುದು. ಚೀಲ ಮಾತ್ರ ಹಳೆಯದೇ.

ಆ ಊರಿನಲ್ಲಿ ಆರು ಅರ ಮುಗಿಸಿದ ಸೊಸೆಯೊಬ್ಬಳಿದ್ದಳು. ಅವಳ ಕೀಲಿಕೈ ಸವೆದು ಸವೆದು ದರ್ಭೆಯ ಕಡ್ಡಿಯಷ್ಟು ತೆಳ್ಳಗಾಗಿತ್ತು. ಇನ್ನೊಂದು ಸಲ ಅರ ಮುಟ್ಟಿದರೆ ಅರದಯ್ಯನ ಕೈಯಲ್ಲೇ ಮುರಿಯುತ್ತದೆಂದು ಅವಳಿಗೆ ಗೊತ್ತಿತ್ತು. ಸುಗ್ಗಿ ಮುಗಿಯಲು ಹದಿನೈದು ದಿನವಿತ್ತು.

ಅವಳಿಗೊಂದು ರೋಗ. ಕೇಳುವ ರೋಗ. ಸುಣ್ಣದ ಕಲ್ಲು ಸುಟ್ಟ ಮೇಲೆ ಹಗುರಾಗುವುದೇಕೆ, ಬೇವಿನಕಟ್ಟೆಗೆ ಅರಳಿಮರ ಯಾಕಿಲ್ಲ, ಅರದಯ್ಯನ ಹೆಂಡತಿಯ ಕೀಲಿಕೈಯನ್ನು ತೀಡುವವರಾರು ಎಂದೆಲ್ಲ ಕೇಳುತ್ತಿದ್ದಳು. ಹುಣ್ಣಿಮೆ ಕಳೆದ ಬೆಳಗ್ಗೆ ಬಾಗಿಲ ಬಲಗಡೆಯ ಕಂಡಿಯ ಸುತ್ತ ಕೆಂಪು ಪುಡಿ ಉದುರಿರುತ್ತಿತ್ತು. ಅದೇನೆಂದು ಒಮ್ಮೆ ಅತ್ತೆಯನ್ನು ಕೇಳಿದ್ದಳು.

"ಕುಂಕುಮ ಕಣೇ, ಇನ್ನೇನು" ಎಂದಿದ್ದಳು ಅತ್ತೆ.

"ಅವರು ಕುಂಕುಮ ಮುಟ್ಟೇ ಇಲ್ವಲ್ಲ ಅತ್ತೆ."

"ಕೇಳೀ ಕೇಳೀ ನಿನ್ನ ಬಾಯಿ ಸವೆಯಬೇಕಿತ್ತು. ಕೀಲಿಕೈ ಸವೀತಾ ಇದೆ. ನನ್ನ ನೋಡು, ಒಂದು ಮಾತು ಆಡದೆ ಆರು ಅರ ತೀಡಿಸಿಕೊಂಡೆ, ಆರನೇದಕ್ಕೆ ಬಾಗಿಲು ತೆರೀತು, ನಿನ್ನ ಗಂಡ ಬಂದ."

ಅತ್ತೆಯ ಈ ಮಾತು ಊರಿಗೆಲ್ಲ ಬಾಯಿಪಾಠ. ಅರದ ಸಾಲಿನಲ್ಲಿ ಯಾರಾದರೂ ಕಣ್ಣೀರು ಹಾಕಿದರೆ ಅವಳನ್ನೇ ತೋರಿಸುತ್ತಿದ್ದರು: "ಆರನೇ ಅರಕ್ಕೆ ತೆರೆದದ್ದು, ಗೊತ್ತಾ? ತಾಳ್ಮೆ ಬೇಕು."

ಹದಿನೈದು ದಿನ ಉಳಿದಿರುವಾಗ ಬೇರೆಯವಳಾಗಿದ್ದರೆ ದೇವರಿಗೆ ಹರಕೆ ಹೊರುತ್ತಿದ್ದಳು. ನಮ್ಮ ಸೊಸೆ ಹಿಂದಿನ ಕೇರಿಯನ್ನು ನೋಡಲು ಹೊರಟಳು. ಮುಂದೆ ಬದುಕಬೇಕಾದ ಜಾಗ ಹೇಗಿದೆಯೋ ನೋಡಿಬಿಡೋಣ, ನೀರಿಗೆ ಎಷ್ಟು ದೂರ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂಬ ಕುತೂಹಲ ಅವಳಿಗೆ. ಭಯವೂ ಇತ್ತು. ಆದರೆ ಅವಳಲ್ಲಿ ಭಯ ಯಾವಾಗಲೂ ಕುತೂಹಲದ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುತ್ತಿತ್ತು.

ಕೇರಿಯ ಮೊದಲ ಮನೆಯ ಜಗುಲಿಯಲ್ಲಿ ಮೂವರು ಹೆಂಗಸರು ಕೂತು ಒಂದೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಒಬ್ಬಳ ತಲೆ ಪೂರಾ ಬೆಳ್ಳಗೆ, ಒಬ್ಬಳದು ಅರ್ಧ, ಒಬ್ಬಳದು ಇನ್ನೂ ಕಪ್ಪು. ಅವರ ಹಿಂದಿನ ಗೋಡೆಯ ಮೊಳೆಗಳಲ್ಲಿ ಮೂರು ಪುಟ್ಟ ಗಂಟು ನೇತಾಡುತ್ತಿದ್ದವು. ಮುರಿದ ಕೀಲಿಕೈಗಳೆಂದು ಸೊಸೆಗೆ ಯಾರೂ ಹೇಳಬೇಕಿರಲಿಲ್ಲ.

"ಬಾ ತಾಯಿ, ಕೂತುಕೋ. ಜಾಗ ನೋಡೋಕೆ ಬಂದ್ಯಾ?" ಎಂದಳು ಬಿಳಿತಲೆಯ ಹಿರಿಯಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ.

"ನೀವು ಮೂವರೂ ಅಕ್ಕತಂಗಿಯರಾ?"

ಮೂವರೂ ಒಟ್ಟಿಗೆ ನಕ್ಕರು. "ಒಂಥರಾ ಹಾಗೇ ಅನ್ನು" ಎಂದಳು ನಡುವಿನವಳು. "ಮೂವರೂ ಒಂದೇ ಮನೆಯಿಂದ ಬಂದವರು. ಸುಣ್ಣದ ಭಟ್ಟಿ ಯಜಮಾನರ ಮನೆ. ಮೊದಲು ಅಕ್ಕ, ಅವಳಾದ ಮೇಲೆ ನಾನು, ನನ್ನಾದ ಮೇಲೆ ಇವಳು."

"ಅಂದ್ರೆ ಏಳು, ಏಳು, ಏಳು..."

"ಇಪ್ಪತ್ತೊಂದು ಅರ" ಎಂದಳು ಕಿರಿಯಳು. "ಈಗ ಆ ಮನೇಲಿ ನಾಲ್ಕನೆಯವಳಿದ್ದಾಳೆ. ಪಾಪ, ಅವಳಿಗೂ ಎರಡಾಯ್ತು."

"ಏನು ಮಾಡೋದು, ಅವರ ಗ್ರಹಚಾರ" ಎಂದಳು ಹಿರಿಯಳು ಅಕ್ಕಿಯಲ್ಲಿ ಕೈಯಾಡಿಸುತ್ತ. "ಹುಡುಕೀ ಹುಡುಕೀ ತಂದರೂ ಕೆಟ್ಟ ಕೀಲಿಕೈಗಳೇ ಆ ಮನೆಗೆ ಬಂದು ಬೀಳ್ತವೆ."

ಸೊಸೆ ಗೋಡೆಯ ಮೇಲಿನ ಗಂಟುಗಳನ್ನು ಎಣಿಸಿದಳು. ಮೂರು. ಇನ್ನೊಮ್ಮೆ ಎಣಿಸಿದಳು. ಆಗ ಅವಳ ರೋಗ ಉಲ್ಬಣಿಸಿತು.

"ಮೂರು ಕೀಲಿಕೈ. ಬಾಗಿಲು ಒಂದೇ, ಚೀಲ ಒಂದೇ. ಆ ಚೀಲದೊಳಗೆ ಏನಿದೆ ಅಂತ ಯಾರಾದ್ರೂ ನೋಡಿದೀರಾ?"

ಮೊರದ ಮೇಲಿನ ಆರು ಕೈಗಳೂ ನಿಂತವು. ಕಿರಿಯಳು ಬಾಯಿಗೆ ಸೆರಗು ಒತ್ತಿಕೊಂಡಳು. ಹಿರಿಯಳು ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

ಹಿಂದಿನ ಕೇರಿಯಿಂದ ಬರುವ ದಾರಿಯಲ್ಲೇ ಬೀಗದಮ್ಮನ ಅಂಗಡಿ. ಬೀಗದಮ್ಮ ಹೊರಗಿನವಳು, ಬೀಗಗಳ ಒಳಗನ್ನು ಓದಿ ಬಂದವಳು. ಊರಿಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಅವಳ ಅಂಗಡಿಯಲ್ಲಿ ಒಂದು ಮೇಜು, ಒಂದು ಭೂತಗನ್ನಡಿ, ಇಬ್ಬರು ಕೂರುವಷ್ಟು ಅಗಲದ ಒಂದು ಬೆಂಚು. ಬಾಗಿಲ ಮೇಲೆ ಹಲಗೆ: ಒಬ್ಬರೇ ಬರಬೇಡಿ. ಮೊದಮೊದಲು ಹೆಂಗಸರು ಒಬ್ಬೊಬ್ಬರೇ ಬಂದರು, ಅವಳು ಕೂರಿಸಿ ನೀರು ಕೊಟ್ಟು, ಗಂಡನನ್ನು ಕರೆದುಕೊಂಡು ಬಾ ಎಂದು ಕಳಿಸಿದಳು. ಗಂಡಸರ ಚೀಲ ಬಿಚ್ಚುವವಳು ಬಂದಿದ್ದಾಳೆ ಎಂದು ಸುದ್ದಿಯಾಯಿತು. ಅಲ್ಲಿಗೆ ಬೆಂಚು ಖಾಲಿ.

ಸೊಸೆ ಹೊಸ್ತಿಲಲ್ಲೇ ನಿಂತು ಕೇಳಿದಳು: "ಒಬ್ಬರೇ ಬರಬೇಡಿ ಅಂತ ಬರೆದಿದೀರಿ. ಯಾಕೆ?"

"ನಿಮ್ಮ ಬಾಗಿಲಿಗೆ ಎಷ್ಟು ಕಂಡಿ?"

"ಎರಡು."

"ಅರ್ಧ ಬೀಗ ನೋಡಿ ನಾನೇನು ಹೇಳಲಿ?" ಬೀಗದಮ್ಮ ಅವಳನ್ನು ಬೆಂಚಿನ ಒಂದು ತುದಿಗೆ ಕೂರಿಸಿ ಮಂತ್ರ ಹೇಳುವವಳಂತೆ ನಿಧಾನವಾಗಿ ಹೇಳಿದಳು: "ನೂರು ಮನೆಯಲ್ಲಿ ಎಂಬತ್ತರ ಬಾಗಿಲು ಹನ್ನೆರಡು ಹುಣ್ಣಿಮೆಯೊಳಗೆ ತಾನಾಗೇ ತೆರೆಯುತ್ತೆ. ಅದಕ್ಕೆ ಅರ ಬೇಡ, ನಾನೂ ಬೇಡ. ಹನ್ನೆರಡು ಕಳೆದರೂ ತೆರೆಯದಿದ್ದರೆ ಬರಬೇಕು. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರಕ್ಕೇ ಬರಬೇಕು. ಬಂದಾಗ ಇಬ್ಬರೂ ಬರಬೇಕು. ದೋಷ ಕೆಲವು ಸಲ ಹೆಂಡತಿಯ ಕೀಲಿಕೈಯಲ್ಲಿ, ಕೆಲವು ಸಲ ಗಂಡನದರಲ್ಲಿ, ಕೆಲವು ಸಲ ಎರಡರಲ್ಲೂ. ಕೆಲವು ಸಲ ಎಷ್ಟು ನೋಡಿದರೂ ನನಗೂ ಗೊತ್ತಾಗೋದಿಲ್ಲ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಹೇಳ್ತೀನಿ."

ಗೊತ್ತಿಲ್ಲ ಎನ್ನುವ ಜಾಣರನ್ನು ಸೊಸೆ ಆ ಊರಿನಲ್ಲಿ ಅದೇ ಮೊದಲು ನೋಡಿದ್ದು. ಅವಳಿಗೆ ಬೀಗದಮ್ಮ ಅಲ್ಲೇ ಇಷ್ಟವಾಗಿಬಿಟ್ಟಳು.

ಗಂಡನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಅವನು ಭಟ್ಟಿಯ ಬಾಯಿಯೆದುರು ನಿಂತು ಕಲ್ಲು ತುಂಬುವವನು. ಬೆಳಗಿನಿಂದ ಸಂಜೆಯವರೆಗೆ ಬೆಂಕಿಯ ಮುಂದೆ, ಚೀಲ ಸೊಂಟದಲ್ಲಿ. ಕೆಟ್ಟವನಲ್ಲ. ಪ್ರತಿ ವರ್ಷ ಅವಳ ಕೀಲಿಕೈಗೆ ಅರ ಹಾಕುವ ದಿನ ಊಟ ಮಾಡುತ್ತಿರಲಿಲ್ಲ. ಆದರೆ ಊಟ ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ.

"ನನ್ನದನ್ನು ನೋಡಿಸೋದಾ? ಭಟ್ಟಿಯಲ್ಲಿ ತಲೆ ಎತ್ತಿಕೊಂಡು ಓಡಾಡಬೇಕೋ ಬೇಡವೋ ನಾನು?" ಎಂದ.

"ಸರಿ, ಬೇಡ. ಒಂದು ಮಾತು ಹೇಳಿ ಸಾಕು. ಬಾಗಿಲ ಹತ್ತಿರ ಬೀಳುತ್ತಲ್ಲ, ಆ ಕೆಂಪು ಪುಡಿ ಏನದು?"

ಅವನು ಎದ್ದು ಹೋದ. ಅಂಗಳದಲ್ಲಿ ಎರಡು ಸುತ್ತು ಹಾಕಿದ. ತಿರುಗಿ ಬಂದಾಗ ಅವನ ಮುಖ ಸುಣ್ಣದಷ್ಟು ಬೆಳ್ಳಗಿತ್ತು.

"ತೆಗೆಯುವಾಗೆಲ್ಲ ಬೆರಳಿಗೆ ಹತ್ತುತ್ತೆ. ಒರಟೊರಟಾಗಿದೆ. ಒಂದೊಂದು ಸಲ ಚಕ್ಕೆ ಏಳುತ್ತೆ. ಎಲ್ಲರದೂ ಹಾಗೇ ಇರುತ್ತೇನೋ ಅಂದುಕೊಂಡೆ. ಕೇಳೋದು ಯಾರನ್ನ? ಯಾರೂ ಯಾರದನ್ನೂ ನೋಡಿಲ್ಲವಲ್ಲ."

"ಎಷ್ಟು ವರ್ಷದಿಂದ?"

"ಎರಡನೇ ಅರದಿಂದ."

ಸೊಸೆಗೆ ಸಿಟ್ಟು ಬಂತು. ಎರಡನೆಯ ಅರದಿಂದ ಆರನೆಯದರವರೆಗೆ ಕಟ್ಟೆಯ ಮುಂದೆ ನಿಂತ ತನ್ನ ಐದು ಬೆಳಗುಗಳೂ ನೆನಪಾದವು. ಬೈದಳು, ಚೆನ್ನಾಗಿಯೇ ಬೈದಳು, ಅದನ್ನು ಇಲ್ಲಿ ಬರೆಯುವುದು ಬೇಡ. ಬೈದು ಮುಗಿಸಿ ನೋಡಿದರೆ ಅವನು ಗೋಡೆಗೊರಗಿ ನಿಂತು ಅಳುತ್ತಿದ್ದ. "ನಡಿ, ಹೋಗೋಣ" ಎಂದ.

ಹೊರಡುವಾಗ ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ಬಂದಳು. "ನಾನು ಕಟ್ಟಿದ ಗಂಟು. ಅದನ್ನ ಯಾರು ಬಿಚ್ಚುತ್ತಾರೋ ನಾನೂ ನೋಡ್ತೀನಿ" ಎಂದಳು. ಹೀಗೆ ಇಬ್ಬರ ಬೆಂಚಿನ ಮೇಲೆ ಮೂವರು ಒತ್ತಿಕೊಂಡು ಕೂತರು, ಅತ್ತೆ ನಡುವೆ.

ಬೀಗದಮ್ಮ ಮೊದಲು ಸೊಸೆಯ ಕೀಲಿಕೈ ತೆಗೆದುಕೊಂಡು ಭೂತಗನ್ನಡಿಯ ಕೆಳಗಿಟ್ಟಳು. ತಿರುಗಿಸಿ ತಿರುಗಿಸಿ ನೋಡಿದಳು. ಮೇಜಿನ ಮೇಲಿಟ್ಟಳು. ಆಮೇಲೆ ಪ್ರಶ್ನೆ ಶುರುವಾಯಿತು. ಎಷ್ಟು ಹುಣ್ಣಿಮೆಯಾಯಿತು? ಯಾವುದಾದರೂ ಹುಣ್ಣಿಮೆ ತಪ್ಪಿತ್ತೇ? ಕೆಲಸ ಏನು, ಬೆಂಕಿಯಿಂದ ಎಷ್ಟು ದೂರ? ಹೊಗೆಸೊಪ್ಪು ಹಾಕುತ್ತೀರಾ? ಸೊಸೆಗೆ ಹಬ್ಬವೋ ಹಬ್ಬ. ತನಗಿಂತ ಹೆಚ್ಚು ಕೇಳುವವಳೊಬ್ಬಳು ಕೊನೆಗೂ ಸಿಕ್ಕಿದ್ದಳು.

ಕೊನೆಗೆ ಬೀಗದಮ್ಮ ಅತ್ತೆಯ ಕಡೆ ತಿರುಗಿದಳು. "ತಾಯಿ, ನಿಮ್ಮ ಬಾಗಿಲು ತೆರೆದದ್ದು ಯಾವಾಗ?"

"ಆರನೇ ಅರಕ್ಕೆ" ಎಂದಳು ಅತ್ತೆ ತಲೆಯೆತ್ತಿ. "ಊರಿಗೇ ಗೊತ್ತು."

"ಅದು ಸರಿ. ಆ ವರ್ಷ ಮನೆಯಲ್ಲಿ ಇನ್ನೇನೇನಾಯಿತು?"

ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಅತ್ತೆಗೆ ಯಾರೂ ಕೇಳಿರಲಿಲ್ಲ. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಏನೂ ಆಗಲಿಲ್ಲ" ಎಂದಳು. ಸ್ವಲ್ಪ ತಡೆದು, "ಇವನಪ್ಪ ಬಿದ್ದಿದ್ದರು" ಎಂದಳು.

"ಎಲ್ಲಿ?"

"ಭಟ್ಟಿಯ ಮೆಟ್ಟಿಲಿಂದ. ತೊಡೆಮೂಳೆ ಮುರೀತು. ಮೂರು ತಿಂಗಳು ಹಾಸಿಗೆ. ಮೈಯೆಲ್ಲ ನಾನೇ ಒರೆಸಬೇಕಿತ್ತು. ಆ ಚೀಲ... ತೊಗಲು ಬೆವರಿಗೆ ಕೊಳೆತು ನಾರುತ್ತಿತ್ತಮ್ಮ. ಎಷ್ಟು ದಿನ ಅಂತ ಸಹಿಸಲಿ? ಬಿಚ್ಚಿದೆ."

"ನೋಡಿದಿರಾ?"

"ನೋಡಿದೆ" ಎಂದಳು ಅತ್ತೆ ಬಹಳ ಮೆಲ್ಲಗೆ. "ಕೆಂಪಗೆ ತುಕ್ಕು. ಬೂದಿ ಹಾಕಿ ಉಜ್ಜಿದೆ. ಕಿಟಕಿಯ ಮೊಳೆಗೆ, ಗಾಳಿಗೆ ನೇತುಹಾಕಿದೆ. ಅವರು ಎದ್ದು ಓಡಾಡುವ ಹೊತ್ತಿಗೆ ಬೆಳ್ಳಿ ಹಾಗೆ ಹೊಳೀತಿತ್ತು. ಹೊಸ ಚೀಲ ಹೊಲಿದು ಕಟ್ಟಿಬಿಟ್ಟೆ, ಅವರಿಗೂ ಹೇಳಲಿಲ್ಲ. ಆ ಹುಣ್ಣಿಮೆಗೇ ಬಾಗಿಲು ತೆರೀತು."

ಅತ್ತೆ ಬೆಂಚಿನ ಅಂಚನ್ನು ಬಿಟ್ಟಳು.

"ಎಲ್ಲರೂ ಅರದಿಂದ ಅಂದರು. ನಾನೂ ಹೌದು ಅಂದೆ. ಅಂದೂ ಅಂದೂ ನನಗೂ ಅದೇ ನಿಜ ಅನ್ನಿಸಿಬಿಡ್ತು." ಅವಳು ಸೊಸೆಯ ಕಡೆ ನೋಡಲಿಲ್ಲ. ನೋಡದೆಯೇ ಮಗನ ಸೊಂಟಕ್ಕೆ ಕೈ ಹಾಕಿ, ಮದುವೆಯ ದಿನ ತಾನೇ ಬಿಗಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಚೀಲವನ್ನು ಮೇಜಿನ ಮೇಲೆ ಮಗುಚಿದಳು.

ಮೊದಲು ಬಿದ್ದದ್ದು ಒಂದು ಹಿಡಿ ಕೆಂಪು ಪುಡಿ. ಅದರ ಮೇಲೆ ಕೀಲಿಕೈ.

ಗಂಡ ತನ್ನ ಕೀಲಿಕೈಯನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದ. ಹಲ್ಲುಗಳ ನಡುವೆ ತುಕ್ಕು ಹೆಪ್ಪುಗಟ್ಟಿ ಅದು ಯಾವುದೋ ಗೆಡ್ಡೆಯಂತೆ ಊದಿಕೊಂಡಿತ್ತು. ಅವನು ಮುಖ ಮುಚ್ಚಿಕೊಂಡ.

"ಮುಖ ಯಾಕೆ ಮುಚ್ಚಿಕೊಳ್ತೀರಪ್ಪ?" ಎಂದಳು ಬೀಗದಮ್ಮ. "ಇದು ತುಕ್ಕು, ತಪ್ಪಲ್ಲ. ಬೆಂಕಿ, ಬೆವರು, ಉಸಿರಾಡದ ತೊಗಲು ಸೇರಿದರೆ ಯಾರ ಕಬ್ಬಿಣವಾದರೂ ಹೀಗೇ ಆಗುತ್ತೆ. ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ. ಮೂರು ತಿಂಗಳು ಭಟ್ಟಿಯ ಬಾಯಿಯಿಂದ ದೂರ ಕೆಲಸ ಮಾಡಿ. ಚೀಲ ಬೇಡ, ಗಾಳಿಗಿಡಿ. ಹೊಗೆಸೊಪ್ಪು ಬಿಡಿ. ಮೂರು ತಿಂಗಳಾದ ಮೇಲೆ ಮತ್ತೆ ನೋಡೋಣ. ಇಂಥದ್ದೆಲ್ಲ ತೊಳೆದ ಕೂಡಲೇ ಹೋಗೋದಿಲ್ಲ, ಹೋಗೇಬಿಡುತ್ತೆ ಅಂತಲೂ ನಾನು ಹೇಳೋದಿಲ್ಲ."

"ನನ್ನದು?" ಎಂದಳು ಸೊಸೆ. ಇಷ್ಟು ಚಿಕ್ಕ ಪ್ರಶ್ನೆಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ನಿಮ್ಮದರಲ್ಲಿ ಅರ ತಿಂದದ್ದು ಬಿಟ್ಟರೆ ನನಗೆ ಬೇರೆ ದೋಷ ಕಾಣಲಿಲ್ಲ. ಉಳಿದಿರೋ ಹಲ್ಲು ಸಾಕಾಗಬಹುದು, ಸಾಕಾಗದೆಯೂ ಇರಬಹುದು. ಇನ್ನು ಮೇಲೆ ಇದನ್ನ ಯಾರೂ ತೀಡಬಾರದು, ಅಷ್ಟೇ ನಾನು ಖಂಡಿತವಾಗಿ ಹೇಳಬಲ್ಲೆ. ತೆರೆಯೋಕೆ ಬೇರೆ ಉಪಾಯಗಳೂ ಇವೆ, ಒಂದೊಂದಾಗಿ ನೋಡೋಣ. ಸಾಕು ಅನ್ನಿಸಿದ ದಿನ ಸಾಕು ಅನ್ನಬಹುದು. ಆ ಬಾಗಿಲಿನ ಹೊರಗೂ ಮನೆ ಇದೆಯಲ್ಲ?"

ಸೋಮವಾರ ಬಂತು. ಬೇವಿನಕಟ್ಟೆಯ ಮುಂದೆ ಸಾಲು. ಅರದಯ್ಯ ಅರಕ್ಕೆ ಅರಿಶಿನ ಹಚ್ಚಿ, "ಏಳನೆಯದರವಳು ಮುಂದೆ ಬರಲಿ" ಎಂದ. ಸೊಸೆ ಮುಂದೆ ಬಂದಳು. ಆದರೆ ಅವಳ ಮುಂದೆ ಅತ್ತೆ ಬಂದು ನಿಂತಳು, ಅತ್ತೆಯ ಪಕ್ಕದಲ್ಲಿ ಗಂಡ. ಅವನ ಸೊಂಟದಲ್ಲಿ ಚೀಲವಿರಲಿಲ್ಲ. ಕೀಲಿಕೈ ಹೆಂಡತಿಯದರಂತೆಯೇ ಬಯಲಿಗೆ ನೇತಾಡುತ್ತಿತ್ತು, ಕೆಂಪಗೆ, ಎಲ್ಲರ ಕಣ್ಣೆದುರಿಗೆ. ಸಾಲಿನಲ್ಲಿದ್ದ ಹೆಂಗಸರು ಕಣ್ಣು ಮುಚ್ಚಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬೆರಳ ಸಂದಿಯಿಂದ ನೋಡಿದರು.

"ಆರನೇ ಅರಕ್ಕೆ ತೆರೆದದ್ದು ಅಂತ ನೀವೆಲ್ಲ ನನ್ನನ್ನ ತೋರಿಸ್ತಿದ್ರಿ" ಎಂದಳು ಅತ್ತೆ. "ನಾನು ಸುಳ್ಳು ಹೇಳಿದ್ದೆ." ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬಿದ್ದ ಮೆಟ್ಟಿಲು, ನಾರುವ ಚೀಲ, ಬೂದಿ, ಕಿಟಕಿಯ ಮೊಳೆ. ಒಂದು ಮಾತನ್ನೂ ನುಂಗಲಿಲ್ಲ.

ಭಟ್ಟಿ ಯಜಮಾನ ಎದ್ದು ನಿಂತು, "ಹೆಂಗಸಿನ ಮಾತು ಕೇಳ್ಕೊಂಡು ಪದ್ಧತಿ ಬಿಡೋದಾ? ಈ ಸೊಸೆಯ ಕೀಲಿಕೈ ಒಡೀರಿ, ಹಿಂದಿನ ಕೇರಿಗೆ ಕಳಿಸ್ರಿ" ಎಂದು ಕೂಗಾಡಿದ.

"ಕಳಿಸಿ" ಎಂದ ಗಂಡ. "ಅವಳ ಹಿಂದೆ ನಾನೂ ಹೋಗ್ತೀನಿ. ನನ್ನದೂ ಕೆಟ್ಟಿದೆಯಲ್ಲ, ನಿಯಮ ಇಬ್ಬರಿಗೂ ಒಂದೇ ಇರಲಿ."

ಅಂಥ ಮಾತನ್ನು ಆ ಕಟ್ಟೆ ಕೇಳಿರಲಿಲ್ಲ. ಯಜಮಾನ ತನ್ನ ಸೊಂಟದ ಚೀಲದ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. ಅರದಯ್ಯ ಮಾತ್ರ ಬಹಳ ಹೊತ್ತು ಅರವನ್ನೇ ನೋಡುತ್ತಿದ್ದ. ಅವನು ದುಷ್ಟನಲ್ಲ, ಅಪ್ಪ ಹೇಳಿಕೊಟ್ಟದ್ದನ್ನು ಮಾಡಿಕೊಂಡು ಬಂದವನು.

"ಹಾಗಾದ್ರೆ ಇಷ್ಟು ವರ್ಷ ನಾನು ತೀಡಿದ್ದೇನನ್ನ?" ಎಂದು ಕೇಳಿದ.

ಅವನು ಅರವನ್ನು ಕಟ್ಟೆಯ ಮೇಲೆಯೇ ಬಿಟ್ಟು ಮನೆಗೆ ಹೋದ. ಆ ಸೋಮವಾರ ಯಾರ ಕೀಲಿಕೈಗೂ ಅರ ಬೀಳಲಿಲ್ಲ.

ಊರು ಒಂದೇ ದಿನಕ್ಕೆ ಬದಲಾಯಿತೆಂದು ನಾನು ಹೇಳಿದರೆ ನೀವು ನಂಬಬಾರದು. ಒಂದು ತಿಂಗಳು ಗಂಡನನ್ನು ಭಟ್ಟಿಯವರು ಮಾತಾಡಿಸಲಿಲ್ಲ. ಎರಡನೆಯ ತಿಂಗಳು ಒಬ್ಬ ಬಂದು, ಗುಟ್ಟಾಗಿ, ಬೆರಳಿಗೆ ಕೆಂಪು ಹತ್ತುವುದು ನಿಜವೇ ಎಂದು ಕೇಳಿದ. ಮೂರನೆಯ ತಿಂಗಳ ಹೊತ್ತಿಗೆ ಭಟ್ಟಿಯಿಂದ ಸ್ವಲ್ಪ ದೂರದಲ್ಲಿ ಯಾರೋ ಒಂದು ಹಗ್ಗ ಕಟ್ಟಿದ್ದರು. ಬೆಂಕಿಯ ಮುಂದೆ ಹೋಗುವ ಮೊದಲು ಕೆಲವರು ಕೀಲಿಕೈ ಬಿಚ್ಚಿ ಅದಕ್ಕೆ ನೇತುಹಾಕುತ್ತಿದ್ದರು. ಗಾಳಿ ಬೀಸಿದಾಗ ಅವು ಕಿಣಿಕಿಣಿ ಎನ್ನುತ್ತಿದ್ದವು. ಹೋಗಿ ಬರುವವರು ನಿಂತು ಕೇಳುತ್ತಿದ್ದರು.

ಮೂರು ತಿಂಗಳು ಕಳೆದು ಹುಣ್ಣಿಮೆಯ ಮರುದಿನ ಗಂಡಹೆಂಡಿರು ಸ್ನಾನ ಮಾಡಿ ಬಂದು ಬಾಗಿಲ ಮುಂದೆ ನಿಂತರು. ಈ ಸಲ ಕಣ್ಣು ಮುಚ್ಚಲಿಲ್ಲ.

"ಹೆದರಿಕೆ ಆಗುತ್ತಾ?" ಎಂದು ಅವಳು ಕೇಳಿದಳು.

"ತುಂಬಾ" ಎಂದ ಅವನು. ಏಳು ವರ್ಷದಲ್ಲಿ ಅವಳು ಏನೇನೋ ಕೇಳಿದ್ದಳು, ಇದನ್ನು ಕೇಳಿರಲಿಲ್ಲ.

ತಿರುಗಿಸಿದರು. ಬಲಗಡೆಯದು ಪೂರ್ತಿ ತಿರುಗಿತು. ಎಡಗಡೆಯದು ಅರ್ಧ ತಿರುಗಿ ನಿಂತಿತು. ಬಾಗಿಲು ಒಂದು ಕೂದಲೆಳೆಯಷ್ಟು ಅಲುಗಿತು, ಒಳಗಿನಿಂದ ಹಾಲಿನ ವಾಸನೆಯಂಥದ್ದೇನೋ ಬಂದು ಹೋಯಿತು. ಏಳು ವರ್ಷದಲ್ಲಿ ಅದು ಅಲುಗಿದ್ದು ಅದೇ ಮೊದಲು. ಅವಳು ಅಳಲೂ ಇಲ್ಲ, ನಗಲೂ ಇಲ್ಲ. ಬಗ್ಗಿ ಕಂಡಿಯೊಳಗೆ ಇಣುಕಿದಳು. "ಎಲ್ಲಿ ಸಿಕ್ಕಿಕೊಳ್ತಾ ಇದೆ ಇದು?" ಎಂದಳು.

"ನಡಿ, ಕೇಳೋಣ" ಎಂದ ಗಂಡ.

ಬೀಗದಮ್ಮನ ಅಂಗಡಿಯ ಮುಂದೆ ಆ ಬೆಳಗ್ಗೆ ನಾಲ್ಕಾರು ಜೋಡಿಗಳು ನಿಂತಿದ್ದವು. ಭಟ್ಟಿ ಯಜಮಾನನ ನಾಲ್ಕನೆಯ ಹೆಂಡತಿಯೂ ಇದ್ದಳು. ಅವಳ ಹಿಂದೆ, ಮುಖಕ್ಕೆ ಟವೆಲು ಸುತ್ತಿಕೊಂಡು, ಯಾರಿಗೂ ಗುರುತು ಸಿಗುವುದಿಲ್ಲವೆಂದು ನಂಬಿಕೊಂಡು, ಯಜಮಾನ. ಅವರ ಸರದಿ ಆಗಷ್ಟೇ ಮುಗಿದಿತ್ತು. ಅವನ ಚೀಲದಿಂದ ಏನು ಬಿತ್ತೆಂದು ಬೀಗದಮ್ಮ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಹೊಸ್ತಿಲವರೆಗೂ ಕೆಂಪು ಹೆಜ್ಜೆಯಿತ್ತು.

ಸೊಸೆಯ ಸರದಿ ಬಂತು. ಇಬ್ಬರೂ ಬೆಂಚಿನ ಮೇಲೆ ಕೂತರು. ಅವಳು ಅರ್ಧ ತಿರುಗಿದ್ದನ್ನು ಹೇಳಿದಳು. "ಅರ್ಧ ತಿರುಗಿತು ಅನ್ನೋದೂ ಸುದ್ದಿಯೇ" ಎಂದು ಬೀಗದಮ್ಮ ಭೂತಗನ್ನಡಿ ಎತ್ತಿಕೊಂಡಳು. ಅಷ್ಟರಲ್ಲಿ ಹೊಸ್ತಿಲಲ್ಲಿ ನೆರಳು ಬಿತ್ತು.

ಹಿಂದಿನ ಕೇರಿಯ ಹಿರಿಯಳು. ಕೈಯಲ್ಲಿ ಗೋಡೆಯ ಮೊಳೆಯಿಂದ ಇಳಿಸಿದ ಪುಟ್ಟ ಗಂಟು.

"ಒಬ್ಬರೇ ಬರಬೇಡಿ ಅಂತ ಬರೆದಿದೆಯಂತೆ" ಎಂದಳು. "ನನಗೆ ಜೊತೆಗೆ ಕರಕೊಂಡು ಬರೋಕೆ ಯಾರೂ ಇಲ್ಲ. ನನಗೆ ಬಾಗಿಲೂ ಇಲ್ಲ, ಏನನ್ನೂ ತೆರೆಯೋದಿಲ್ಲ. ಒಂದು ಸಲ ನೋಡಿ ಹೇಳ್ತೀಯಾ ತಾಯಿ? ನನ್ನದರಲ್ಲಿ ಏನು ದೋಷ ಇತ್ತು ಅಂತ. ಇಪ್ಪತ್ತು ವರ್ಷದಿಂದ ಗೋಡೆ ಮೇಲೆ ನೋಡ್ತಾ ಇದ್ದೀನಿ, ನನಗೆ ಕಾಣೋದಿಲ್ಲ."

ಬೀಗದಮ್ಮ ಗಂಟು ಬಿಚ್ಚಿದಳು. ಎರಡು ತುಂಡುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ಜೋಪಾನವಾಗಿ ಜೋಡಿಸಿದಳು. ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಏಳು ಅರ ಎಳೆದ ಗೆರೆಗಳ ಮೇಲೆಲ್ಲ ಒಂದೊಂದಾಗಿ ಹೋದಳು. ಗೆರೆಗಳ ನಡುವೆ ಉಳಿದಿದ್ದ ಹಳೆಯ ಕಬ್ಬಿಣವನ್ನು ನೋಡಿದಳು. ಕಿಟಕಿಯ ಬಳಿಗೆ ಒಯ್ದು ಇನ್ನೊಮ್ಮೆ ನೋಡಿದಳು.

"ನನ್ನ ಕಣ್ಣಿಗೆ ಕಾಣುವ ಮಟ್ಟಿಗೆ, ಏನೂ ಇರಲಿಲ್ಲ ತಾಯಿ" ಎಂದಳು ಬೀಗದಮ್ಮ.

ಹಿರಿಯಳು ತಲೆಯಾಡಿಸಿದಳು. ತುಂಡುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಗಂಟು ಹಾಕಲು ಹೋದರೆ ಮೂರು ಸಲ ತಪ್ಪಿತು. ಸೊಸೆ ಎದ್ದು ಹೋಗಿ ಗಂಟು ಹಾಕಿಕೊಟ್ಟಳು.

"ಇನ್ನೆರಡು ಸಲ ಹೇಳ್ತೀಯಾ?" ಎಂದಳು ಹಿರಿಯಳು. "ಹೊರಗೆ ಇನ್ನಿಬ್ಬರು ನಿಂತಿದ್ದಾರೆ. ಒಳಗೆ ಬರೋಕೆ ಅವರಿಗೆ ಧೈರ್ಯ ಇಲ್ಲ."

ಸೊಸೆ ಗಂಡನ ಮುಖ ನೋಡಿದಳು. ಅವನು ಆಗಲೇ ಎದ್ದು ನಿಂತಿದ್ದ. ಅವಳು ಬಾಗಿಲಿಗೆ ಹೋಗಿ, ಹೊರಗೆ ಗೋಡೆಗೆ ಅಂಟಿಕೊಂಡು ನಿಂತಿದ್ದ ಇಬ್ಬರ ಕೈ ಹಿಡಿದು ಒಳಗೆ ಕರೆತಂದು, ತಾವಿಬ್ಬರೂ ಕೂತಿದ್ದ ಬೆಂಚಿನ ಮೇಲೆ ಕೂರಿಸಿದಳು.

"ನಾವು ಕಾಯ್ತೀವಿ" ಎಂದಳು ಬೀಗದಮ್ಮನಿಗೆ. "ಇವರ ಸರದಿ ನಮಗಿಂತ ಎಷ್ಟೋ ಮೊದಲೇ ಬರಬೇಕಿತ್ತು."